ಮುಚ್ಚಳ ತೆಗೆದರೆ ವಾಸಿಯಾಗುವ ಕಾಯಿಲೆ

ಮೊಟ್ಟೆಗೆ ಕಾವು ಕೊಡುವ ಯಂತ್ರವೊಂದು ಬಿಸಿಲೇರಿದಾಗ ಮಾತ್ರ ಕೆಡುತ್ತಿತ್ತು. ಕಾವು ಹೆಚ್ಚಾದರೂ ಅದನ್ನು ಬಿಸಿಮಾಡುವ ದೀಪ ಆರುತ್ತಿರಲಿಲ್ಲ, ಮೊಟ್ಟೆಗಳು ಬೆಂದುಹೋಗುತ್ತಿದ್ದವು. ಮೆಕ್ಯಾನಿಕ್ ಫೆಲಿಕ್ಸ್ ಬಂದು ಫ್ಯಾನ್ ಹಾಕಿಸಿಕೊಂಡು, ಯಂತ್ರವನ್ನು ನಡೆಸುವ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಗಾಳಿ ತಾಗಿದ್ದೇ ತಡ, ಎಲ್ಲವೂ ಸರಿಹೋಗುತ್ತಿತ್ತು. ಆದರೂ ಬಂದದ್ದಕ್ಕೆ ಒಂದು ಥರ್ಮಾಮೀಟರ್ ಬದಲಿಸಿ, ‘ದೋಷವಿಲ್ಲ’ ಎಂಬ ಚೀಟಿ ಅಂಟಿಸಿ ಹೋಗುತ್ತಿದ್ದ. ಹೀಗೆ ನಾಲ್ಕು ಥರ್ಮಾಮೀಟರುಗಳು ಕಸದ ಬುಟ್ಟಿ ಸೇರಿದವು.

ಐದನೆಯದು ಬಂದಾಗ ಡಬ್ಬಿಯೊಳಗಿನ ಪ್ರೋಗ್ರಾಂ ಅದಕ್ಕೆ ಹೇಳಿತು: “ನಿನ್ನ ಹಿಂದಿನವರೆಲ್ಲ ಅಯೋಗ್ಯರು. ನಾನು ನಿರ್ದೋಷಿ ಎನ್ನುವುದಕ್ಕೆ ನಾಲ್ಕು ಚೀಟಿಗಳಿವೆ.”

ಮೊಟ್ಟೆಗಳನ್ನಿಟ್ಟ ಹೇಂಟೆ ಇದನ್ನು ಕೇಳಿಸಿಕೊಂಡು, ಮುಚ್ಚಿದ ಡಬ್ಬಿಯ ಮೇಲೆ ಹತ್ತಿ ಕಾವಿಗೆ ಕೂತಿತು.

“ಇಳಿಯಮ್ಮ, ಸೆಖೆಯಾಗುತ್ತಿದೆ” ಎಂದಿತು ಪ್ರೋಗ್ರಾಂ.

“ಆಗಲಿ. ನಿನ್ನ ಕೆಲಸ ನೀನು ಮಾಡು.”

ಪ್ರೋಗ್ರಾಂ ಥರ್ಮಾಮೀಟರನ್ನು “ಕಾವೆಷ್ಟು?” ಎಂದು ಕೇಳಿತು. ಉತ್ತರ ಬರುವ ಮೊದಲೇ ಬೆಳಗಿನ ತಂಪಿನಲ್ಲಿ ಬಂದಿದ್ದ ಉತ್ತರವನ್ನೇ ಬರೆದುಕೊಂಡು, ದೀಪವನ್ನು ಉರಿಯಲು ಬಿಟ್ಟಿತು.

“ಸ್ವಾಮಿ, ನಾನಿನ್ನೂ ಬಾಯಿ ತೆರೆದಿಲ್ಲ” ಎಂದಿತು ಥರ್ಮಾಮೀಟರ್.

“ನನ್ನ ಗಡಿಯಾರದ ಪ್ರಕಾರ ನೀನು ತಡ.”

ಹೇಂಟೆ ಹೇಳಿತು: “ಮೈ ಬಿಸಿಯಾದರೆ ನಿನ್ನ ಗಡಿಯಾರ ಜೋರಾಗಿ ಓಡುತ್ತದೆ, ನಿನಗೆ ಕಾಯುವ ತಾಳ್ಮೆ ಇರುವುದಿಲ್ಲ. ತಣ್ಣಗಿರುವಾಗ ಎಲ್ಲರೂ ಸಜ್ಜನರೇ.”

ಅಷ್ಟರಲ್ಲಿ ಫೆಲಿಕ್ಸ್ ಬಂದ. ಡಬ್ಬಿಯ ಮೇಲೆ ಕೂತ ಹೇಂಟೆಯನ್ನು ಓಡಿಸಿದ. ಫ್ಯಾನ್ ಹಾಕಿಸಿ ಮುಚ್ಚಳ ತೆಗೆದ. ದೀಪ ಆರಿತು. ಅವನು ಬಹಳ ಹೊತ್ತು ಯೋಚಿಸಿ, ಥರ್ಮಾಮೀಟರನ್ನು ಕಿತ್ತು ಬುಟ್ಟಿಗೆಸೆದು, ಐದನೆಯ ಚೀಟಿ ಬರೆದ:

“ದೋಷ ಪತ್ತೆಯಾಗಿದೆ. ಕೋಳಿ.”