ಹಿಡಿಕೆಯ ಮೇಲೆ ಕೈ

"ಗುರುಗಳೇ, ನನಗೆ ಖಚಿತವಾಗಿ ಗೊತ್ತಿರುವುದನ್ನೂ ಇನ್ನೊಬ್ಬರನ್ನು ಕೇಳಿಯೇ ಮಾಡಬೇಕೆ?" ಎಂದು ಶಿಷ್ಯ ಸಂಗಯ್ಯ ಕೇಳಿದ. ಮಠದ ಔಷಧಶಾಲೆ ಆಗಷ್ಟೇ ಅವನ ಕೈಗೆ ಬಂದಿತ್ತು. ಅಳತೆ ತಪ್ಪಿದರೆ ಜೀವಕ್ಕೇ ಎರವಾಗುವ ಕಡುಮದ್ದು ಕೊಡುವ ಮುನ್ನ ಇನ್ನೊಬ್ಬರಿಗೆ ತೋರಿಸಬೇಕೆಂಬ ಕಟ್ಟಳೆ ಅವನಿಗೆ ಕಿರಿಕಿರಿಯಾಗಿತ್ತು.

"ಓಹೋ, ಅಷ್ಟು ಬೆಳೆದುಬಿಟ್ಟೆಯಾ! ಕೂತುಕೋ," ಎಂದು ಗುರುಗಳು ನಕ್ಕು ಹೇಳತೊಡಗಿದರು.

ಒಬ್ಬ ಪೈಲಟ್ ಇದ್ದ. ವಿಮಾನ ನಡೆಸುವುದೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ಒಮ್ಮೆ ವಿಮಾನದ ತುಂಬ ಜನರನ್ನು ಕೂರಿಸಿಕೊಂಡು ಮೇಲೇರಿದ್ದಾಗ, ಇದ್ದ ಎರಡು ಎಂಜಿನ್‌ಗಳಲ್ಲಿ ಒಂದು ಢಬ್ ಎಂದು ಕೆಟ್ಟಿತು. ವಿಮಾನ ಗಡಗಡ ನಡುಗಿತು. ಹಿಂದೆ ಮಕ್ಕಳು ಅಳತೊಡಗಿದವು.

ಪೈಲಟ್ ಹೆದರಲಿಲ್ಲ. ಒಂದೇ ಎಂಜಿನ್ನಿನಲ್ಲೂ ವಿಮಾನ ಇಳಿಸಬಲ್ಲೆನೆಂದು ಅವನಿಗೆ ಗೊತ್ತಿತ್ತು. ಕೆಟ್ಟ ಎಂಜಿನ್ನನ್ನು ಬೇಗ ಆರಿಸಬೇಕು, ಅಷ್ಟೆ. ಬಿಟ್ಟರೆ ಬೆಂಕಿ ಹತ್ತೀತು. ಸದ್ದು ಬಲಗಡೆಯಿಂದ ಬಂದದ್ದನ್ನು ಅವನೇ ಕಿವಿಯಾರೆ ಕೇಳಿದ್ದ. ಬಲ ಎಂಜಿನ್ನನ್ನು ಆರಿಸುವ ಹಿಡಿಕೆಯ ಮೇಲೆ ಕೈಯಿಟ್ಟ.

ಆದರೆ ಪೈಲಟ್‌ಗಳಲ್ಲೊಂದು ಪದ್ಧತಿಯುಂಟು. ಎಂಜಿನ್ ಆರಿಸುವವನು ಹಿಡಿಕೆಯ ಮೇಲೆ ಕೈಯಿಟ್ಟು, ಯಾವುದೆಂದು ಬಾಯಿಬಿಟ್ಟು ಹೇಳಬೇಕು. ಪಕ್ಕದವರು ನೋಡಿ 'ಹೌದು' ಅನ್ನುವವರೆಗೆ ಎಳೆಯುವಂತಿಲ್ಲ. ಎಂಥ ಅವಸರವಿದ್ದರೂ ಅವನು ಅದನ್ನು ಬಿಟ್ಟವನಲ್ಲ.

"ಬಲಗಡೆಯದು," ಅಂದ.

ಪಕ್ಕದಲ್ಲಿದ್ದ ಸಹಪೈಲಟ್ ಅವನಿಗಿಂತ ಎಷ್ಟೋ ಚಿಕ್ಕವಳು. ಎದುರಿನ ಎಂಜಿನ್ ಮಾಪಕಗಳನ್ನು ನೋಡಿದಳು.

"ಅಲ್ಲ ಸರ್, ಬಲಗಡೆಯದು ಚೆನ್ನಾಗಿಯೇ ಇದೆ. ಕೆಟ್ಟಿರುವುದು ಎಡಗಡೆಯದು."

ಎಳೆದಿದ್ದರೆ ಚೆನ್ನಾಗಿದ್ದ ಒಂದು ಎಂಜಿನ್ನೂ ಆರಿಹೋಗಿ, ಅಷ್ಟೂ ಜನರ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಪೈಲಟ್ ಕೈ ತೆಗೆದ. ತಾನೂ ಮಾಪಕಗಳನ್ನು ಕಣ್ಣಿಟ್ಟು ನೋಡಿದ. ಎಡಗಡೆಯ ಹಿಡಿಕೆಯ ಮೇಲೆ ಕೈಯಿಟ್ಟು, "ಎಡಗಡೆಯದು," ಅಂದ. "ಹೌದು ಸರ್," ಅಂದಳು. ಎಳೆದ. ನಡುಕ ನಿಂತಿತು. ಉಳಿದ ಒಂದು ಎಂಜಿನ್ನಿನಲ್ಲೇ ವಿಮಾನವನ್ನು ಹೂವಿನಂತೆ ಇಳಿಸಿದ. ಅಳುತ್ತಿದ್ದ ಮಕ್ಕಳು ಅಮ್ಮಂದಿರ ಕೈಹಿಡಿದು ಮನೆಗೆ ಹೋದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಸಂಗಯ್ಯ ಬಿಡಲಿಲ್ಲ.

"ಅವನಿಗೆ ಒಳಗೊಳಗೇ ಅನುಮಾನವಿತ್ತು ಗುರುಗಳೇ, ಅದಕ್ಕೇ ಕೇಳಿದ. ಮದ್ದು ಕೊಡುವಾಗ ನನಗೆ ಅನುಮಾನವೇ ಇರುವುದಿಲ್ಲವಲ್ಲ?"

"ಅವನಿಗೂ ಇರಲಿಲ್ಲ ಕಣಯ್ಯಾ," ಅಂದರು ಗುರುಗಳು.