ಕಡಿದ ಮೇಲೂ ಮರ ತನ್ನ ಹೆಸರು ಹೇಳುವುದು ಯಾಕೆ?

ಲೋಕ ಇನ್ನೂ ಎಳೆಯದಾಗಿತ್ತು. ಆಗ ಮರಗಳಿಗೆ ಹೊರಗೆ ಬೇರೆ ಬೇರೆ ಎಲೆ, ಬೇರೆ ಬೇರೆ ಹೂವು. ತೊಗಟೆ ಸುಲಿದರೆ ಮಾತ್ರ ಒಳಗೆಲ್ಲ ಒಂದೇ ಬಿಳಿ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಹೊಳೆದಂಡೆಯಲ್ಲಿ ಜಟ್ಟಕ್ಕ ಅಂತ ಒಬ್ಬಳಿದ್ದಳು. ನೆರೆ ಇಳಿದ ಮೇಲೆ, ತೇಲಿಬಂದ ಕಟ್ಟಿಗೆ ಎಳೆದು ಒಣಗಿಸಿಡುವುದು ಅವಳ ರೂಢಿ. ಬಂಡೆಗೆ ಉಜ್ಜಿ ಉಜ್ಜಿ ತೊಗಟೆಯೆಲ್ಲ ಹೋದ ಕಟ್ಟಿಗೆ. ಯಾವುದು ಯಾವ ಮರದ್ದೋ!

ಆ ವರ್ಷ ಅವಳ ಸೊಸೆ ದುಗ್ಗಿ ಹೆತ್ತಳು. ಬಾಣಂತಿಗೆ ನೀರು ಕಾಯಿಸಲು ಜಟ್ಟಕ್ಕ ಹಂಡೆಯೊಲೆಗೆ ಹೊಳೆಕಟ್ಟಿಗೆ ತುಂಬಿದಳು. ಹೊಗೆ ಮನೆಯೆಲ್ಲ ತುಂಬಿತು. ನೋಡನೋಡುತ್ತ ಕೂಸಿನ ಮುಖ ಊದಿ, ಕಣ್ಣು ಮುಚ್ಚಿಹೋಯಿತು.

"ಅತ್ತೆ, ಎಂಥ ಕಟ್ಟಿಗೆ ಹಾಕಿದ್ರಿ?" ದುಗ್ಗಿ ಅತ್ತಳು.

"ಗೊತ್ತಿದ್ರೆ ಹಾಕ್ತಿದ್ನೇನೇ ಮಗಾ!"

ಮಳೆ ಬಿಡುವಂತಿರಲಿಲ್ಲ. ಬೆಂಕಿಯಿಲ್ಲದೆ ಕೂಸು ಉಳಿಯದು. ಅದೇ ಹೊಗೆ ಇನ್ನೊಮ್ಮೆ ಎದ್ದರೂ ಉಳಿಯದು. ಜಟ್ಟಕ್ಕ ಹೊಳೆಗೆ ಓಡಿದಳು.

"ಏನು ತಂದುಹಾಕಿದೆಯೇ ತಾಯಿ?"

"ತರೋದಷ್ಟೇ ನನ್ನ ಕೆಲಸ ಕಣೇ. ಎಲ್ಲರ ಹೆಸರು ಕೇಳ್ತಾ ಕೂತರೆ ನಾನು ಸಮುದ್ರ ಸೇರೋದು ಯಾವಾಗ?" ಎಂದಿತು ಹೊಳೆ.

ಜಟ್ಟಕ್ಕ ಕಾಡಿನ ಅಂಚಿಗೆ ಬಂದು ಸೆರಗೊಡ್ಡಿ ನಿಂತಳು. "ಸತ್ತ ಮೇಲೂ ನಿಮ್ಮ ಹೆಸರು ಹೇಳಿ ಮಾರಾಯ್ರೆ. ಯಾವುದನ್ನ ಉರಿಸಲಿ, ಯಾವುದನ್ನ ಬಿಡಲಿ?"

ಗಾಳಿ ಆ ಮಾತು ಹೊತ್ತು ಮರದಿಂದ ಮರಕ್ಕೆ ಹೋಯಿತು. ಹಲಸು ತನ್ನೊಳಗೆ ಅರಿಸಿನ ತುಂಬಿಕೊಂಡಿತು. ಬೀಟೆ ಒಂದಿಷ್ಟು ಕತ್ತಲು ಬೇಡಿ ಪಡೆಯಿತು. ಹೊನ್ನೆ, ಗಾಯವಾದಲ್ಲಿ ಕೆಂಪು ಸುರಿಸುತ್ತೇನೆ ಎಂದಿತು. ಗಂಧದ ಉತ್ತರ ಪರಿಮಳವಾಗಿ ಗಾಳಿಗೇ ಅಂಟಿಕೊಂಡಿತ್ತು.

ಚೇರು ಮರ ಮಾತ್ರ ತಲೆ ತಗ್ಗಿಸಿತು. "ಆ ಹೊಗೆ ನನ್ನದೇ. ಹೆಸರು ಹೇಳಿದರೆ ಇನ್ನು ಯಾರೂ ನನ್ನನ್ನು ಒಲೆಯ ಹತ್ತಿರ ಕರೆಯೋದಿಲ್ಲ."

ಜಟ್ಟಕ್ಕನಿಗೆ ಸಿಟ್ಟು ಬಂದಿತ್ತು. ಆದರೂ ಆ ದನಿ ಕೇಳಿ ಮೆತ್ತಗಾದಳು. "ಕರೆಯದಿದ್ದರೆ ಕೊಡಲಿಯೂ ಬರೋದಿಲ್ಲವಲ್ಲೋ ಮಂಕೇ. ಹಕ್ಕಿಗಳು ಬರ್ತಾವೆ. ಸಾಲದಾ?"

ಚೇರು ನಿಧಾನಕ್ಕೆ ತಲೆ ಎತ್ತಿತು. ಆಮೇಲೆ ಮನೆಯ ಕಟ್ಟಿಗೆ ರಾಶಿಯಲ್ಲಿದ್ದ ಅದರ ತುಂಡುಗಳೆಲ್ಲ ಕಪ್ಪಗೆ ಬೆವರಿದವು. ಜಟ್ಟಕ್ಕ ಮನೆಗೆ ಓಡಿಬಂದು ಅವನ್ನು ಕೋಲಿನಿಂದ ದೂರ ಸರಿಸಿ, ಹಳದಿ ತುಂಡುಗಳನ್ನು ಆರಿಸಿ ಬೆಂಕಿ ಹಚ್ಚಿದಳು. ದಿನ ಕಳೆದಂತೆ ಊತ ಇಳಿಯಿತು. ಒಂದು ಬೆಳಿಗ್ಗೆ ಕೂಸು ಒಂದು ಕಣ್ಣು ಬಿಟ್ಟಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಅದಕ್ಕೇ ಪುಟ್ಟಾ, ಇವತ್ತಿಗೂ ಕಟ್ಟಿಗೆ ಸೀಳಿದಾಗ ಒಂದೊಂದಕ್ಕೆ ಒಂದೊಂದು ಬಣ್ಣ, ಒಂದೊಂದು ವಾಸನೆ. ಅದಕ್ಕೇ ಕಪ್ಪು ಸೋರುವ ಚೇರು ಮರವನ್ನು ಯಾರೂ ಮುಟ್ಟುವುದಿಲ್ಲ, ಅದು ಮೈತುಂಬ ಹಕ್ಕಿಗಳನ್ನು ಕೂರಿಸಿಕೊಂಡು ಕಾಡಿನಲ್ಲಿ ಸುಮ್ಮನೆ ನಿಂತಿರುತ್ತದೆ.