ಕಲಾಯಿಗಾರನ ತಂತಿ

ಶಿಷ್ಯನೊಬ್ಬ ಬಂದು ಕೇಳಿದ: "ಗುರುಗಳೇ, ಇನ್ನೂ ಎಷ್ಟು ಉಜ್ಜಬೇಕು?"

"ಏನನ್ನು?" ಎಂದರು ಗುರು.

"ನನ್ನನ್ನೇ. ಇಲ್ಲಿಗೆ ಬಂದು ಮೂರು ವರ್ಷವಾಯಿತು. ನಮ್ಮ ಕಡೆಯ ಮಾತಿನ ಧಾಟಿ ಬಿಟ್ಟೆ. ಹುಳಿ ಖಾರ ಬಿಟ್ಟೆ. ಕೆಲಸ ಮಾಡುವಾಗ ಗುನುಗುವ ಅಭ್ಯಾಸವಿತ್ತು, ಅದನ್ನೂ ಬಿಟ್ಟೆ. ಮನೆಯಿಂದ ಬರುವ ಕಾಗದಗಳನ್ನು ಒಡೆಯದೆ ಹಿಂದಕ್ಕೆ ಕಳಿಸುತ್ತೇನೆ. ಆದರೂ ಒಳಗೆ ಏನೂ ಆಗಿಲ್ಲ. ಎಲ್ಲೋ ಇನ್ನೂ ಕೊಳೆ ಉಳಿದಿರಬೇಕು. ಅದು ಎಲ್ಲಿದೆ ಎಂದು ತೋರಿಸಿಕೊಡಿ, ತೆಗೆದುಬಿಡುತ್ತೇನೆ."

ಗುರು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಕಲಾಯಿಗಾರನಿದ್ದ. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಪೊರೆ ಹಚ್ಚಿಕೊಡುವುದು ಅವನ ಕಸುಬು. ಪೊರೆ ಹೋದ ಪಾತ್ರೆಯಲ್ಲಿ ಸಾರು ಕುದಿಸಿದರೆ ಅದು ಕಿಲುಬಿ ವಿಷವಾಗುತ್ತದೆ. ಹಾಗಾಗಿ ಮನೆಮನೆಯ ಪಾತ್ರೆಯೂ ವರ್ಷಕ್ಕೊಮ್ಮೆ ಅವನ ಒಲೆಗೆ ಬರುತ್ತಿತ್ತು. ಆ ಕೆಲಸದಲ್ಲಿ ತವರ ಹಚ್ಚುವುದು ಕಾಲು ಪಾಲು, ಉಜ್ಜುವುದು ಮುಕ್ಕಾಲು ಪಾಲು. ಬೂದಿ, ಮರಳು, ಹುಣಸೆಹಣ್ಣು. ಪಾತ್ರೆಯೊಳಗೆ ಬರಿಗಾಲಲ್ಲಿ ನಿಂತು ಮೈ ತಿರುಚಿ ತಿರುಚಿ ಉಜ್ಜಬೇಕು. ಒಂದು ಬೆರಳಿನಷ್ಟು ಜಿಡ್ಡು ಉಳಿದರೂ ಅಲ್ಲಿ ತವರ ಹಿಡಿಯುವುದಿಲ್ಲ. ಅವನು ಉಜ್ಜಿದ ತಾಮ್ರದಲ್ಲಿ ಅಂಥ ಚುಕ್ಕೆಯನ್ನು ಯಾರೂ ಕಂಡಿರಲಿಲ್ಲ.

ಆಮೇಲೆ ಸ್ಟೀಲಿನ ಪಾತ್ರೆಗಳು ಬಂದವು. ಕೆಲಸ ವಾರಕ್ಕೆ ಎರಡು ದಿನಕ್ಕಿಳಿಯಿತು. ಉಳಿದ ದಿನಗಳಲ್ಲಿ ಕೈ ಸುಮ್ಮನಿರಲಿಲ್ಲ. ಅವನು ಕೆಟ್ಟುಹೋದ ರೇಡಿಯೋ, ಇಸ್ತ್ರಿಪೆಟ್ಟಿಗೆ, ಟಾರ್ಚುಗಳನ್ನು ಕೇಳಿ ತರತೊಡಗಿದ. ಅವುಗಳನ್ನು ಬಿಚ್ಚಿ ಒಳಗಿನ ತಂತಿ ತೆಗೆದು ಸುರುಳಿ ಮಾಡಿ ಗೋಡೆಗೆ ತೂಗುಹಾಕುತ್ತಿದ್ದ. ಆ ತಂತಿಯಿಂದ ಬಾಗಿಲಿಗೊಂದು ಗಂಟೆ ಮಾಡಿದ. ದೇವರ ಗೂಡಿಗೆ ಪುಟ್ಟ ದೀಪ ಮಾಡಿದ. ಮಾಡುವುದರಲ್ಲಿ ಒಂದು ಸಂತೋಷವಿತ್ತು, ಅಷ್ಟೇ. "ಸತ್ತ ರೇಡಿಯೋ ಇದ್ದರೆ ಕಲಾಯಿ ಮಾವನ ಮನೆಗೆ ಹೊತ್ತು ಹಾಕಿ, ಹೊಟ್ಟೆ ಬಗೆದು ಕರುಳನ್ನು ನೀಟಾಗಿ ಸುತ್ತಿಡುತ್ತಾನೆ" ಎಂದು ಬೀದಿಯವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಅವನ ಹೆಂಡತಿ ದೂರದ ಸೀಮೆಯವಳು. ತವರಿಗೆ ರೈಲಿನಲ್ಲಿ ಎರಡು ದಿನದ ದಾರಿ. ಅವಳಿಗೆ ಅಲ್ಲಿ ಉಳಿದಿದ್ದವಳು ಒಬ್ಬಳೇ ಅಕ್ಕ. ಅಕ್ಕನಿಗೆ ನಡೆಯಲು ಆಗುತ್ತಿರಲಿಲ್ಲ. ತಂಗಿಗೆ ಎದೆಯ ಕಾಯಿಲೆ. ಅಷ್ಟು ದೂರದ ಪ್ರಯಾಣ ಕೂಡದೆಂದು ವೈದ್ಯರು ಹೇಳಿದ್ದರು. ಒಬ್ಬರನ್ನೊಬ್ಬರು ನೋಡಿ ಹತ್ತೊಂಬತ್ತು ವರ್ಷವಾಗಿತ್ತು.

ಒಂದು ದಿನ ತವರಿನಿಂದ ಕಾಗದ ಬಂತು. ಅಕ್ಕ ಹಾಡುವ ಬೀಸುವ ಪದಗಳನ್ನು ರೇಡಿಯೋದವರು ಬಂದು ಯಂತ್ರದಲ್ಲಿ ಹಿಡಿದುಕೊಂಡು ಹೋಗಿದ್ದಾರೆ. ಇವತ್ತಿಗೆ ನಾಲ್ಕನೆಯ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅದು ಬರುತ್ತದೆ. ಒಂದೇ ಸಲ ಬರುತ್ತದೆ.

ಹೆಂಡತಿ ಕಾಗದವನ್ನು ಮೂರು ಸಲ ಓದಿ ಅಕ್ಕಿ ಡಬ್ಬಿಯಲ್ಲಿಟ್ಟಳು. ಅವರ ಮನೆಯಲ್ಲಿ ರೇಡಿಯೋ ಇತ್ತು. ಆದರೆ ಆ ದೂರದ ಕೇಂದ್ರ ಅದರಲ್ಲಿ ಸಿಗುತ್ತಿರಲಿಲ್ಲ. ಮುಳ್ಳು ಅಲ್ಲಿಗೆ ಹೋದರೆ ಕೊರ್ರೆನ್ನುವುದೊಂದೇ.

ಗಂಡ ಹೆಂಡತಿ ಇಬ್ಬರೂ ಪೇಟೆಯ ರೇಡಿಯೋ ರಿಪೇರಿಯವನ ಅಂಗಡಿಗೆ ಹೋದರು. ಅವನು ಹೇಳಿದ: "ಸಿಗುತ್ತೆ ಮಾವ, ಯಾಕೆ ಸಿಗಲ್ಲ? ಬಿಸಿಲೇರುವ ಮುಂಚೆ ದೂರದ ಕೇಂದ್ರಗಳು ಬರುತ್ತವೆ, ಹಿಡಿಯುವುದಕ್ಕೆ ಒಂದು ಬಲೆ ಬೇಕು ಅಷ್ಟೇ. ಎರಡು ಮೊಳದ ಮರದ ಚೌಕ ಮಾಡಿ. ಅದರ ಸುತ್ತ ತಂತಿ ಸುತ್ತಿ, ಒಂದಕ್ಕೊಂದು ಒತ್ತಿಕೊಂಡು, ಹದಿನೈದು ಸುತ್ತು. ತುದಿಗಳನ್ನು ಮಾತ್ರ ಚೆನ್ನಾಗಿ ಕೆರೆದು ಈ ಬಿಲ್ಲೆಗೆ ಬೆಸೆಯಿರಿ." ಹಳೆಯ ರೇಡಿಯೋದಿಂದ ತೆಗೆದ, ತಿರುಗಿಸಿದರೆ ಕೇಂದ್ರಕ್ಕೆ ಹೊಂದಿಕೊಳ್ಳುವ ಬಿಲ್ಲೆಯೊಂದನ್ನು ಕೊಟ್ಟ. ಸುಟ್ಟುಹೋದ ಒಂದು ಸ್ಟೆಬಿಲೈಜರನ್ನೂ ಕೊಟ್ಟ. "ಇದರ ಹೊಟ್ಟೆಯಲ್ಲಿ ಬೇಕಾದಷ್ಟು ತಂತಿ ಇದೆ. ಒಳಗಿನದು ಕರಕಲಾಗಿದೆ, ಮೇಲಿನ ಪದರ ಚೆನ್ನಾಗಿದೆ. ನಿಮ್ಮ ಗೋಡೆಯ ತುಂಡು ತಂತಿಗಳು ಇದಕ್ಕೆ ಸಾಲವು. ನನ್ನ ಹತ್ತಿರ ಇರುವುದೂ ಇದೊಂದೇ, ಜೋಪಾನ."

ಕಲಾಯಿಗಾರ ಮನೆಗೆ ಬಂದು ಕೆಲಸಕ್ಕೆ ಕೂತ. ಸ್ಟೆಬಿಲೈಜರಿನ ಒಳಗೆ ತೆಳು ಕಬ್ಬಿಣದ ತಗಡುಗಳು ಒಂದರ ಮೇಲೊಂದು ಅಂಟಿಕೊಂಡಿದ್ದವು. ಒಂದೊಂದನ್ನೇ ಚಾಕುವಿನಿಂದ ಎಬ್ಬಿಸಿ ತೆಗೆದ. ಅದಕ್ಕೆ ಎರಡು ದಿನ ಹಿಡಿಯಿತು. ನಡುವೆ ತಂತಿಯ ಉಂಡೆ ಇತ್ತು. ಅದನ್ನು ಗಂಟಾಗದಂತೆ ಬಿಡಿಸಿ ಜಗಲಿಯ ಎರಡು ಕಂಬಗಳ ನಡುವೆ ಎಳೆಎಳೆಯಾಗಿ ಕಟ್ಟಿದ. ಎಲ್ಲೂ ಒಂದು ಮಡಿಕೆ ಬೀಳಲಿಲ್ಲ.

ಆಮೇಲೆ ತಂತಿಯನ್ನು ನೋಡಿದ.

ಅದುವರೆಗೆ ಅವನು ಮುಟ್ಟಿದ್ದೆಲ್ಲ ಮೇಲೆ ಪ್ಲಾಸ್ಟಿಕ್ ಇರುವ ತಂತಿ. ಇದು ಹಾಗಿರಲಿಲ್ಲ. ಬರಿ ತಾಮ್ರದ ಹಾಗೆ ಕಾಣುತ್ತಿತ್ತು, ಮೈತುಂಬ ಕಂದು ಬಣ್ಣ ಹಿಡಿದಿತ್ತು. ಎಷ್ಟೋ ವರ್ಷ ಅಟ್ಟದಲ್ಲಿ ಬಿದ್ದ ಕೊಡ ಹೀಗೇ ಇರುತ್ತದೆ. ತುದಿಗಳನ್ನು ಕೆರೆಯಿರಿ ಎಂದಿದ್ದ ರಿಪೇರಿಯವ. ಕಲಾಯಿಗಾರ ತನ್ನಲ್ಲೇ ಯೋಚಿಸಿದ: ತುದಿಗೆ ಒಳ್ಳೆಯದಾದರೆ ಉದ್ದಕ್ಕೂ ಇನ್ನೂ ಒಳ್ಳೆಯದಲ್ಲವೇ? ಅವನಿಗೆ ಶ್ರಮದ ಭಯವಿದ್ದಿದ್ದರೆ ಅಲ್ಲಿಗೇ ಬಿಡುತ್ತಿದ್ದ.

ಅವನು ಒಲೆ ಹೊತ್ತಿಸಿದ. ತಿದಿ ಒತ್ತಿದ. ತಂತಿಯನ್ನು ಗೇಣುಗೇಣಾಗಿ ಕೆಂಡದ ಮೇಲೆ ಹಾಯಿಸಿ, ಬೂದಿ ಮರಳು ತುಂಬಿದ ಬಟ್ಟೆಯಲ್ಲಿ ಹಿಡಿದು ಎಳೆದೆಳೆದು ಉಜ್ಜಿದ. ನಾಲ್ಕು ದಿನ ಉಜ್ಜಿದ. ಐದನೆಯ ದಿನ ತಂತಿ ಹೊಸ ಕೊಡದಂತೆ ಹೊಳೆಯಿತು. ಮರದ ಚೌಕಕ್ಕೆ ಅದನ್ನು ಒತ್ತೊತ್ತಾಗಿ, ಕೂದಲೆಳೆ ತೂರದ ಹಾಗೆ ಹದಿನೈದು ಸುತ್ತು ಸುತ್ತಿದ. ನೋಡಿದವರೆಲ್ಲ ಹೊಗಳಿದರು.

ಎರಡನೆಯ ಸೋಮವಾರ ಬೆಳಿಗ್ಗೆ ಅದನ್ನು ರೇಡಿಯೋದ ಪಕ್ಕದಲ್ಲಿಟ್ಟು ಬಿಲ್ಲೆ ತಿರುಗಿಸಿದರು. ಏನೂ ಬರಲಿಲ್ಲ. ಮೊದಲಿನ ಕೊರ್ರೇ.

ಎಲ್ಲೋ ಕೊಳೆ ಉಳಿದಿದೆ ಎಂದುಕೊಂಡ ಅವನು. ಸುತ್ತು ಬಿಚ್ಚಿದ. ಮತ್ತೆ ಕೆಂಡ, ಮತ್ತೆ ಬೂದಿ. ಈ ಸಲ ಇನ್ನೂ ಜೋರಾಗಿ ಉಜ್ಜಿದ. ಮೂರನೆಯ ಸೋಮವಾರವೂ ಏನೂ ಬರಲಿಲ್ಲ. ಅವನು ಊಟಕ್ಕೂ ಏಳದೆ ಮೂರನೆಯ ಸಲ ಉಜ್ಜಲು ಕೂತ. ಕಾದು ಕಾದು ಮೆತ್ತಗಾದ ತಾಮ್ರ ಎಳೆದಾಗ ಸಣ್ಣಗಾಗುತ್ತಾ ಬಂತು. ಶನಿವಾರ ಅದು ನಾಲ್ಕು ಕಡೆ ತುಂಡಾಯಿತು.

ಹಾಡಿಗೆ ಉಳಿದದ್ದು ಒಂದು ದಿನ. ಭಾನುವಾರ ಬೆಳಿಗ್ಗೆ ಅವನು ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಿಪೇರಿಯವನ ಮನೆ ಬಾಗಿಲು ತಟ್ಟಿದ.

ರಿಪೇರಿಯವ ಬಟ್ಟೆ ಬಿಚ್ಚಿ ನೋಡಿದ. "ಅಯ್ಯೋ ಮಾವ, ಇದನ್ನು ಹೀಗೆ ಬತ್ತಲೆ ಮಾಡಿದವರು ಯಾರು?"

"ನಾನೇ. ಮೈಯೆಲ್ಲ ಕೊಳೆ ಇತ್ತು."

"ಕೊಳೆಯಾ? ಅದು ಅರಗಿನ ಹಾಗೆ ಹಚ್ಚಿದ ಪೊರೆ ಮಾವ! ಅದು ಇದ್ದರೆ ಒಂದು ಸುತ್ತು ಇನ್ನೊಂದಕ್ಕೆ ತಾಗುವುದಿಲ್ಲ. ವಿದ್ಯುತ್ತು ಹದಿನೈದು ಸುತ್ತನ್ನೂ ಸುತ್ತಿಕೊಂಡು ಹೋಗಲೇಬೇಕು. ಪೊರೆ ಹೋಯಿತೋ, ಪಕ್ಕದ ಸುತ್ತಿಗೆ ಹಾರಿ ಅಡ್ಡದಾರಿ ಹಿಡಿಯುತ್ತದೆ. ಆಗ ಇದು ಬಲೆಯಲ್ಲ, ತಾಮ್ರದ ಬಳೆ. ಹುಟ್ಟಿದಾಗಿನಿಂದ ತಾಮ್ರಕ್ಕೆ ಪೊರೆ ಹಚ್ಚಿ ಅನ್ನ ಉಂಡವರು ನೀವು. ಇನ್ನೊಬ್ಬ ಹಚ್ಚಿದ ಪೊರೆ ನಿಮ್ಮ ಕಣ್ಣಿಗೆ ಕೊಳೆಯಾಗಿ ಕಂಡಿತೇ?"

ಕಲಾಯಿಗಾರ ಜಗಲಿಯ ಮೇಲೆ ಕೂತುಬಿಟ್ಟ. ಕೇಳಿದ: "ಮತ್ತೆ ಹಚ್ಚಬಹುದೇ?"

"ಅದು ಕಾರ್ಖಾನೆಯಲ್ಲಿ ಆಗುವ ಕೆಲಸ. ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ. ಒಂದು ಕೆಲಸ ಮಾಡಿ. ಸುತ್ತುಗಳ ನಡುವೆ ಜಾಗ ಬಿಡಿ. ಪ್ರತಿ ಸುತ್ತಿನ ಪಕ್ಕ ಒಂದೆಳೆ ನೂಲು ಸುತ್ತುತ್ತಾ ಬನ್ನಿ, ತಾಗದ ಹಾಗೆ. ಬಂದರೆ ಬಂತು."

ತುಂಡುಗಳನ್ನು ಬೆಸೆಯುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಧ್ಯಾಹ್ನದೊಳಗೆ ಬೆಸೆದ. ಹೆಂಡತಿ ಹೂ ಕಟ್ಟುವ ನೂಲಿನ ಉಂಡೆ ತಂದಳು. ಅವನು ತಂತಿ ಸುತ್ತಿದ, ಅವಳು ನೂಲು ಸುತ್ತಿದಳು. ಸವೆದು ತುಂಡಾದ ತಂತಿ ಹನ್ನೊಂದು ಸುತ್ತಿಗೆ ಮುಗಿದುಹೋಯಿತು.

ಸೋಮವಾರ ಬೆಳಗಾಗುವ ಹೊತ್ತಿಗೆ ಇಬ್ಬರೂ ರೇಡಿಯೋದ ಮುಂದೆ ಕೂತರು. ಸುತ್ತು ಕಡಿಮೆಯಾಗಿದ್ದರಿಂದ ಕೇಂದ್ರ ಇರಬೇಕಾದ ಕಡೆ ಇರಲಿಲ್ಲ. ಅವನು ಬಿಲ್ಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದ. ಆರು ಹೊಡೆಯಿತು. ಆರು ಕಾಲಾಯಿತು. ಬಿಲ್ಲೆ ಪೂರ್ತಿ ಕೊನೆಗೆ ಹೋಗಿ ತಡೆದಾಗ ಕೊರ್ರೆನ್ನುವ ಸದ್ದಿನ ಹಿಂದಿನಿಂದ ಒಂದು ಹೆಣ್ಣಿನ ದನಿ ಬಂತು. ಒಂದೂವರೆ ಸಾಲು ಬಂತು. ಆಮೇಲೆ ರೇಡಿಯೋದಲ್ಲಿ ಮಾತಾಡುವವನು ಹಾಡಿದವಳ ಹೆಸರು ಹೇಳಿ, ಬೇಸಾಯದ ಕಾರ್ಯಕ್ರಮ ಶುರುವಾಗುತ್ತದೆ ಎಂದ.

ಹೆಂಡತಿ "ಅಕ್ಕನೇ" ಎಂದಳು. ಗೊಬ್ಬರದ ಮಾತು ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಆ ಹೆಂಗಸಿನ ಮೇಲೆ ಮರುಕ ಬಂತು, ಸ್ವಲ್ಪ ಸಿಟ್ಟೂ ಬಂತು. "ಗುರುಗಳೇ, ಮೊದಲು ಅಂಗಡಿಗೆ ಹೋದಾಗ ಅವಳೂ ಜೊತೆಗಿದ್ದಳು. ತುದಿಗಳನ್ನು ಮಾತ್ರ ಎಂದದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಅವನು ಮೂರು ವಾರ ಉಜ್ಜುತ್ತಿರುವಾಗ ಪಕ್ಕದಲ್ಲೇ ಇದ್ದು ಅವಳು ಒಂದು ಮಾತು ಹೇಳಬಾರದಿತ್ತೇ?"

ಗುರು ಹೇಳಿದರು: "ದಿನವೂ ಹೇಳಿದಳು, ಉಜ್ಜುವ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ."